ಕನ್ನಡನಾಡಿನಲ್ಲಿ ಶ್ವಾಸಪರೀಕ್ಷೆಯೂ ರೋಗಿಶುಶ್ರೂಷೆಯೂ

೧

ಕಳಸದಿಂದ ಕುದುರೆಮುಖದ ಕಡೆಗೆ ಹೋಗುವ ದಾರಿಯಲ್ಲಿ ಸಂಸೆ ಎಂಬ ಗ್ರಾಮವಿದೆ. ಬಹುಕಾಲ ಮೂಡಿಗೆರೆ ತಾಲ್ಲೂಕಿಗೆ ಸೇರಿದ್ದ ಈ ಸೀಮೆಯು ಈಚೆಗೆ ಕಳಸ ತಾಲ್ಲೂಕಿಗೆ ಒಳಪಟ್ಟಿದೆ. ಒಂದು ಕಡೆ ಕಾಫಿಯ ತೋಟಗಳು, ಇನ್ನೊಂದು ಕಡೆ ಚಹಾದ ತೋಟ, ನಡುವಣ ಕಣಿವೆಗಳಲ್ಲಿ ಅಡಕೆ ಮತ್ತು ಬತ್ತ. ಇವೆಲ್ಲವುಗಳ ಮೇಲೆ ಸುಮಾರು ೬,೨೦೦ ಅಡಿ ಎತ್ತರದ ಕುದುರೆಮುಖ ಶಿಖರ. ಇಲ್ಲಿಂದ ಬಹುದೂರವಿಲ್ಲದ ಕೆಲವೆಡೆಗಳಲ್ಲಿ ವರ್ಷಕ್ಕೆ ೨೦೦ ಅಂಗುಲಕ್ಕೂ ಮೀರಿ ಮಳೆ ಬೀಳುವುದುಂಟು. ಮುಂಗಾರಿನ ತಿಂಗಳುಗಳಲ್ಲಿ ಗೋಡೆ ಬೆವರುತ್ತದೆ. ಹೊದಿಕೆಯಲ್ಲಿ ಬೂಷ್ಟು ಹಿಡಿಯುತ್ತದೆ. ಬಟ್ಟೆಯನ್ನೂ ಸೌದೆಯನ್ನೂ ಒಲೆಯ ಶಾಖದಲ್ಲಿಯೇ ಒಣಗಿಸಬೇಕಾಗುತ್ತದೆ. ಇಂಥ ನಾಡಿನಲ್ಲಿ ಉಬ್ಬಸದ ರೋಗಿಯು ರಾತ್ರಿಯೆಲ್ಲ ಕುಳಿತೇ ಕಳೆಯುವುದೂ, ಮನೆಯವರಲ್ಲಿ ಒಬ್ಬರು ಅವನ ಬೆನ್ನಿಗೆ ಆಸರೆಯಾಗಿ ಎಚ್ಚತ್ತಿರುವುದೂ ಹೊಸ ಸಂಗತಿಯಲ್ಲ.

ಹೀಗೆ ಎಚ್ಚತ್ತಿದ್ದವರು ಏನನ್ನು ಗಮನಿಸುತ್ತಿದ್ದರು? ಗಮನಿಸಿದ್ದನ್ನು ಯಾವ ಮಾತಿನಿಂದ ಹೇಳುತ್ತಿದ್ದರು? ಅವರ ಅರಿವಿಗೆ ಶಾಸ್ತ್ರವು ಯಾವ ಸ್ಥಾನವನ್ನು ಕೊಟ್ಟಿತು, ಆಧುನಿಕ ವೈದ್ಯವು ಯಾವ ಸ್ಥಾನವನ್ನು ಕೊಟ್ಟಿತು? ಈ ಪ್ರಶ್ನೆಗಳು ಕನ್ನಡನಾಡಿನ ವೈದ್ಯಚರಿತ್ರೆಯಲ್ಲಿ ಸಾಕಷ್ಟು ವಿಚಾರಿತವಾಗಿಲ್ಲ. ನಮ್ಮಲ್ಲಿ ವೈದ್ಯಚರಿತ್ರೆಯೆಂದರೆ ವೈದ್ಯರ ಮತ್ತು ಔಷಧಯೋಗಗಳ ಚರಿತ್ರೆಯೆಂದೇ ರೂಢಿಯಾಗಿದೆ. ಶ್ವಾಸರೋಗದ ವಿಷಯದಲ್ಲಿಯಾದರೋ ಈ ಲೋಪವು ಸಣ್ಣದಲ್ಲ. ಈ ರೋಗದ ಏರಿಳಿತವು ಗಳಿಗೆಗಳಿಗೆಗೂ ನಡೆಯುವುದು. ವೈದ್ಯನು ಬಂದು ಹೋಗುವವನು, ಬಳಿಯಲ್ಲಿ ಇರುವವನು ಪರಿಚಾರಕನು. ಕಾಣಬೇಕಾದುದನ್ನು ಮೊದಲು ಕಾಣುವವನೇ ಚರಿತ್ರೆಯಲ್ಲಿ ಕಾಣಿಸದೆ ಹೋದರೆ ಆ ಚರಿತ್ರೆಯು ಅರ್ಧಚರಿತ್ರೆಯೇ ಸರಿ.

೨

ಪ್ರಾಚೀನ ಶಾಸ್ತ್ರವು ಪರಿಚಾರಕನನ್ನು ಮರೆತಿರಲಿಲ್ಲ. ಚರಕಸಂಹಿತೆಯ ಸೂತ್ರಸ್ಥಾನದ ಒಂಬತ್ತನೆಯ ಅಧ್ಯಾಯದಲ್ಲಿ ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳಿದೆ: ವೈದ್ಯ, ದ್ರವ್ಯ, ಉಪಸ್ಥಾತೃ, ರೋಗಿ. ಉಪಸ್ಥಾತೃವೆಂದರೆ ಬಳಿಯಲ್ಲಿ ನಿಲ್ಲುವವನು. ಅವನಿಗೆ ನಾಲ್ಕು ಗುಣಗಳಿರಬೇಕು: ಉಪಚಾರವನ್ನು ಬಲ್ಲವನಾಗಿರುವುದು, ದಕ್ಷತೆ, ರೋಗಿಯಲ್ಲಿ ಅನುರಾಗ, ಶೌಚ. ಇವುಗಳಲ್ಲಿ ಮೊದಲನೆಯದಾಗಿ ನಿಂತಿರುವುದು ಅನುರಾಗವಲ್ಲ, ಅರಿವು ಎಂಬುದು ಗಮನಾರ್ಹವಾಗಿದೆ. ಶುಶ್ರೂಷೆಯು ಕೇವಲ ಕರುಣೆಯ ಕಾರ್ಯವೆಂದು ಸಂಹಿತಾಕಾರನು ಎಣಿಸಲಿಲ್ಲ. ಅದನ್ನು ಕಲಿಯಬೇಕಾದ ವಿದ್ಯೆಯೆಂದು ಎಣಿಸಿದನು.

ಅದೇ ಸ್ಥಾನದ ಹದಿನೈದನೆಯ ಅಧ್ಯಾಯದಲ್ಲಿ ರೋಗಿಗಾಗಿ ಕಟ್ಟಬೇಕಾದ ಮನೆಯ ಲಕ್ಷಣವಿದೆ. ಆ ಮನೆಯು ದೃಢವಾಗಿರಬೇಕು. ಗಾಳಿಯ ಹೊಡೆತಕ್ಕೆ ಸಿಕ್ಕದೆ ಇದ್ದರೂ ಅದರ ಒಂದು ಭಾಗದಲ್ಲಿ ಗಾಳಿಯಾಡುವಂತಿರಬೇಕು. ಹೊಗೆ, ಬಿಸಿಲು, ನೀರು, ಧೂಳು ಇವು ಒಳಹೊಗದಂತಿರಬೇಕು. ಅಲ್ಲಿ ಇರತಕ್ಕ ಪರಿಚಾರಕರು ಅಡಿಗೆಯನ್ನೂ, ಮೀಯಿಸುವುದನ್ನೂ, ಮೈಯೊತ್ತುವುದನ್ನೂ, ರೋಗಿಯನ್ನು ಎತ್ತಿ ಕೂರಿಸಿ ಮಲಗಿಸುವುದನ್ನೂ ಬಲ್ಲವರಾಗಿರಬೇಕು. ಮಲೆನಾಡಿನ ಹಳೆಯ ಮನೆಯನ್ನು ಕಂಡವರಿಗೆ ಈ ವಿಧಿಯ ಬೆಲೆಯೂ ಅದರ ಕಷ್ಟವೂ ಕೂಡಲೆ ತಿಳಿಯುತ್ತದೆ. ಅಲ್ಲಿ ಮಳೆಗಾಲದಲ್ಲಿ ನೀರನ್ನು ತಡೆಯಲು ಬಾಗಿಲು ಕಿಟಕಿಗಳನ್ನು ಮುಚ್ಚಿದರೆ ಒಲೆಯ ಹೊಗೆ ಒಳಗೇ ನಿಲ್ಲುತ್ತದೆ. ಹೊಗೆಯನ್ನು ಕಳುಹಿಸಲು ತೆರೆದರೆ ತಂಪುಗಾಳಿಯೂ ಇರಚಲೂ ಒಳಕ್ಕೆ ಬರುತ್ತವೆ. ಶಾಸ್ತ್ರವು ಒಂದೇ ಉಸಿರಿನಲ್ಲಿ ಹೇಳಿದ ಎರಡು ನಿಯಮಗಳನ್ನು ಏಕಕಾಲದಲ್ಲಿ ನಡೆಸುವ ಹೊಣೆ ವೈದ್ಯನ ಮೇಲೆ ಬೀಳಲಿಲ್ಲ. ಮನೆಯಲ್ಲಿ ರೋಗಿಯನ್ನು ನೋಡಿಕೊಳ್ಳುತ್ತಿದ್ದವಳ ಮೇಲೆ ಬಿದ್ದಿತು.

೩

ಪರೀಕ್ಷೆಯ ವಿಷಯದಲ್ಲಿ ಸುಶ್ರುತನು ಐದು ಇಂದ್ರಿಯಗಳನ್ನೂ ಪ್ರಶ್ನೆಯನ್ನೂ ಸೇರಿಸಿ ರೋಗವನ್ನು ತಿಳಿಯುವ ಆರು ಉಪಾಯಗಳನ್ನು ಹೇಳಿದ್ದಾನೆ. ಶ್ವಾಸರೋಗದಲ್ಲಿ ಚರಕನು ಐದು ಭೇದಗಳನ್ನು ಗಣಿಸುತ್ತಾನೆ: ಮಹಾಶ್ವಾಸ, ಊರ್ಧ್ವಶ್ವಾಸ, ಛಿನ್ನಶ್ವಾಸ, ತಮಕಶ್ವಾಸ, ಕ್ಷುದ್ರಶ್ವಾಸ. ಇವುಗಳ ಲಕ್ಷಣಗಳನ್ನು ಓದಿದವರಿಗೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಇವು ಯಾವ ಉಪಕರಣವನ್ನೂ ಅಪೇಕ್ಷಿಸದೆ, ಮಂಚದ ಪಕ್ಕದಲ್ಲಿ ಕುಳಿತವರು ಕಣ್ಣು ಕಿವಿಗಳಿಂದ ತಿಳಿಯಬಹುದಾದವು. ಮಹಾಶ್ವಾಸದವನು ಮದಿಸಿದ ಗೂಳಿಯಂತೆ ಸದ್ದುಮಾಡುತ್ತ ಉಸಿರಾಡುತ್ತಾನೆ; ಆ ಸದ್ದು ದೂರದಿಂದಲೂ ಕೇಳುತ್ತದೆ; ಮಾತು ಒಡೆಯುತ್ತದೆ. ಊರ್ಧ್ವಶ್ವಾಸದವನು ಉಸಿರನ್ನು ನೀಳವಾಗಿ ಹೊರಕ್ಕೆ ಬಿಡುತ್ತಾನಲ್ಲದೆ ಒಳಕ್ಕೆ ತೆಗೆದುಕೊಳ್ಳಲಾರನು. ಅವನ ದೃಷ್ಟಿ ಮೇಲಕ್ಕೆ ತಿರುಗುತ್ತದೆ. ಛಿನ್ನಶ್ವಾಸದಲ್ಲಿ ಉಸಿರು ನಿಂತುನಿಂತು ಬರುತ್ತದೆ. ಈ ಮೂರೂ ಪ್ರಾಣಾಂತಿಕವೆಂದು ಗಣಿತವಾಗಿವೆ. ಕ್ಷುದ್ರಶ್ವಾಸವು ಶ್ರಮದಿಂದ ಹುಟ್ಟಿ ತಾನಾಗಿ ಅಡಗುವುದು. ತಮಕವು ಹೊಸದಾದರೆ ಸಾಧ್ಯ, ಹಳೆಯದಾದರೆ ಯಾಪ್ಯ. ಅಂದರೆ ಉಪಚಾರವಿರುವಷ್ಟು ಕಾಲ ಹತೋಟಿಯಲ್ಲಿ ಇರತಕ್ಕದ್ದು.

ಐರೋಪ್ಯ ವೈದ್ಯದಲ್ಲಿ ನಿಂತುನಿಂತು ಬರುವ ಒಂದು ಬಗೆಯ ಉಸಿರಾಟವನ್ನು ಜಾನ್ ಚೇನ್ ೧೮೧೮ರಲ್ಲಿಯೂ ವಿಲಿಯಂ ಸ್ಟೋಕ್ಸ್ ೧೮೫೪ರಲ್ಲಿಯೂ ವರ್ಣಿಸಿದರು. ಅವರಿಬ್ಬರ ಹೆಸರೇ ಅದಕ್ಕೆ ನಿಂತಿದೆ. ಛಿನ್ನಶ್ವಾಸವೂ ಇದೂ ಒಂದೇ ಎಂದು ಸಾಧಿಸುವುದು ಅವಸರವಾದೀತು. ಆದರೆ ಎರಡೂ ಕಡೆಗಳಲ್ಲಿ ನೋಡಿದವನು ಗಡಿಯಾರಕ್ಕಿಂತ ಹೆಚ್ಚಾಗಿ ತಾಳ್ಮೆಯನ್ನು ಅವಲಂಬಿಸಿದ್ದನೆಂಬುದು ನಿಸ್ಸಂದೇಹ. ಉಸಿರು ಎಲ್ಲಿ ನಿಂತಿತು, ಮತ್ತೆ ಯಾವಾಗ ಮೊದಲಾಯಿತು ಎಂಬುದು ಒಂದು ಕ್ಷಣ ಬಂದು ಹೋದವನಿಗೆ ಗೋಚರಿಸುವುದಿಲ್ಲ.

ಮಲೆನಾಡಿಗೆ ಅತ್ಯಂತ ಸಮೀಪವಾದುದು ತಮಕಶ್ವಾಸ. ರೋಗಿಯ ಗಂಟಲಿನಲ್ಲಿ ಘುರ್ಘುರ ಶಬ್ದ, ಮಲಗಿದರೆ ಸಂಕಟ, ಕುಳಿತರೆ ಸುಖ, ಬಿಸಿಯಾದುದರಲ್ಲಿ ಇಚ್ಛೆ, ಕಫ ಬಿದ್ದ ಮೇಲೆ ಒಂದು ಮುಹೂರ್ತದ ನೆಮ್ಮದಿ, ಮೋಡ, ಮಳೆ, ಚಳಿ, ಪೂರ್ವದ ಗಾಳಿ ಇವುಗಳಿಂದ ಉಲ್ಬಣ. ಈ ಪಟ್ಟಿಯ ಕಡೆಯ ಅಂಶವು ಇಲ್ಲಿ ವಿಚಾರಣೀಯವಾಗಿದೆ. ಗಂಗಾತೀರದ ಬಯಲಿನಲ್ಲಿ ಮಳೆಯನ್ನು ತರುವ ಗಾಳಿ ಮೂಡಣದಿಂದ ಬೀಸುತ್ತದೆ. ಆದಕಾರಣ ಉತ್ತರದೇಶದಲ್ಲಿ ಬೆಳೆದ ಶಾಸ್ತ್ರಕ್ಕೆ ಪೂರ್ವವಾತವೆಂದರೆ ನೀರುಗಾಳಿಯೇ. ಸಹ್ಯಾದ್ರಿಯಲ್ಲಾದರೋ ಮಳೆಯ ಗಾಳಿ ಪಡುವಣ ಕಡಲಿನಿಂದ ಘಟ್ಟವನ್ನು ಹತ್ತಿ ಬರುತ್ತದೆ. ಮೂಡಣ ಗಾಳಿಯು ಸುಗ್ಗಿಯ ಕಾಲದ ಒಣಗಾಳಿ. ಗ್ರಂಥವನ್ನು ಅಕ್ಷರಶಃ ಅನುಸರಿಸಿ ಸಂಸೆಯ ಮನೆಯೊಂದರಲ್ಲಿ ಮೂಡಣ ಕಿಟಕಿಯನ್ನು ಮುಚ್ಚಿ ಪಡುವಣ ಕಿಟಕಿಯನ್ನು ತೆರೆದಿಟ್ಟರೆ, ಆಷಾಢದಲ್ಲಿ ರೋಗಿಗೆ ಅಪಕಾರವೇ ಆಗುವುದು. ಶಾಸ್ತ್ರದ ಮಾತು ಸುಳ್ಳೆಂದು ಇದರಿಂದ ಸಿದ್ಧವಾಗುವುದಿಲ್ಲ. ಅದನ್ನು ದೇಶಕಾಲಗಳಿಗೆ ಹೊಂದಿಸಿಕೊಳ್ಳಲು ಬಳಿಯಲ್ಲಿರುವವರ ಕಣ್ಣು ಬೇಕೆಂಬುದು ಸಿದ್ಧವಾಗುತ್ತದೆ.

೪

ಕನ್ನಡದ ಶಾಸ್ತ್ರಕಾರರು ಈ ವಿಷಯದಲ್ಲಿ ಮಾಡಿದುದೇನು? ಈ ನಾಡಿನ ವೈದ್ಯಸಾಹಿತ್ಯಕ್ಕೆ ಜೈನರ ಸೇವೆ ದೊಡ್ಡದೆಂಬುದು ವಿದಿತವೇ ಆಗಿದೆ. ಒಂಬತ್ತನೆಯ ಶತಮಾನದಲ್ಲಿ ಉಗ್ರಾದಿತ್ಯಾಚಾರ್ಯನು ಸಂಸ್ಕೃತದಲ್ಲಿ ಕಲ್ಯಾಣಕಾರಕವನ್ನು ರಚಿಸಿ, ಮಾಂಸಭಕ್ಷಣವನ್ನು ಖಂಡಿಸುವ ಹಿತಾಹಿತಾಧ್ಯಾಯವನ್ನು ಅದಕ್ಕೆ ಸೇರಿಸಿದನು. ಹನ್ನೆರಡನೆಯ ಶತಮಾನದಲ್ಲಿ ಜಗದ್ದಳ ಸೋಮನಾಥನು ಪೂಜ್ಯಪಾದರ ಕೃತಿಯನ್ನು ಅನುಸರಿಸಿ ಕರ್ಣಾಟಕ ಕಲ್ಯಾಣಕಾರಕವನ್ನು ಬರೆದನು. ಆ ಚಿಕಿತ್ಸೆಯಲ್ಲಿ ಮದ್ಯ ಮಾಂಸ ಮಧುಗಳಿಗೆ ಎಡೆಯಿಲ್ಲ. ಅದೇ ಶತಮಾನದ ಕೀರ್ತಿವರ್ಮನ ಗೋವೈದ್ಯ, ಹದಿನಾಲ್ಕನೆಯ ಶತಮಾನದ ಮಂಗರಾಜನ ಖಗೇಂದ್ರಮಣಿದರ್ಪಣ, ಸುಮಾರು ೧೫೦೦ರ ಶ್ರೀಧರದೇವನ ವೈದ್ಯಾಮೃತ ಇವು ಈ ಪರಂಪರೆಯ ಮುಖ್ಯ ಕೊಂಡಿಗಳು.

ಮಧುವನ್ನು ಬಿಡುವುದು ಶ್ವಾಸಕಾಸಗಳ ಚಿಕಿತ್ಸೆಯಲ್ಲಿ ಸಾಮಾನ್ಯ ಮಾತಲ್ಲ. ವೈದಿಕ ಪರಂಪರೆಯ ವೈದ್ಯದಲ್ಲಿ ಕೆಮ್ಮು ದಮ್ಮುಗಳ ಚೂರ್ಣ ಲೇಹ್ಯಗಳಿಗೆ ಜೇನುತುಪ್ಪವೇ ಪ್ರಸಿದ್ಧವಾದ ಅನುಪಾನ. ಕಳಸ ಕಾರ್ಕಳಗಳನ್ನು ಆಳಿದ ಭೈರರಸರು ಜೈನಧರ್ಮಕ್ಕೆ ಆಶ್ರಯವಿತ್ತವರು. ಆ ವಂಶದ ವೀರಪಾಂಡ್ಯನು ೧೪೩೨ರಲ್ಲಿ ಕಾರ್ಕಳದ ಬಾಹುಬಲಿಯನ್ನು ನಿಲ್ಲಿಸಿದನು. ಅವರ ರಾಜ್ಯದ ಕಾಡೆಲ್ಲ ಜೇನಿನ ಕಾಡು. ಅವರ ಧರ್ಮದ ವೈದ್ಯಗ್ರಂಥವು ಜೇನನ್ನು ಮುಟ್ಟದು. ಒಂದೇ ಸೀಮೆಯಲ್ಲಿ ಎರಡು ಉಪಚಾರಕ್ರಮಗಳು ಅಕ್ಕಪಕ್ಕದಲ್ಲಿಯೇ ನಡೆದಿರಬೇಕೆಂದು ಊಹಿಸುವುದು ಅಸಂಗತವಾಗಲಾರದು.

ಈ ಗ್ರಂಥಗಳ ಕೇಂದ್ರದಲ್ಲಿರುವವನು ವೈದ್ಯನು. ದನದ ರೋಗಕ್ಕೂ ವಿಷದ ಚಿಕಿತ್ಸೆಗೂ ಕನ್ನಡದಲ್ಲಿ ಒಂದೊಂದು ಪ್ರತ್ಯೇಕ ಗ್ರಂಥ ಹುಟ್ಟಿತು. ಉಪಸ್ಥಾತೃವಿನ ವಿದ್ಯೆಗೆ ಅಂಥ ಪ್ರಸಿದ್ಧ ಗ್ರಂಥವೊಂದು ಹುಟ್ಟಲಿಲ್ಲ. ಇದಕ್ಕೆ ಕಾರಣ ದೂರದಲ್ಲಿಲ್ಲ. ವೈದ್ಯನಿಗೆ ಗುರುಶಿಷ್ಯಪರಂಪರೆಯೂ ರಾಜಾಶ್ರಯವೂ ಓಲೆಯೂ ಇದ್ದವು. ಶುಶ್ರೂಷೆ ಮಾಡಿದವರು ಬಹುಮಟ್ಟಿಗೆ ಮನೆಯ ಹೆಂಗಸರು, ಅವರಿಗೆ ಓಲೆಯಿರಲಿಲ್ಲ. ಅವರಿಗೆ ಇದ್ದುದು ಮಾತು.

೫

ಆ ಮಾತಿನ ಕಡೆಗೆ ತಿರುಗಿದರೆ ಕನ್ನಡದ ಸಂಪತ್ತು ಅಲ್ಪವಲ್ಲ. ಓಡಿಬಂದವನದು ಏದುಸಿರು, ದುಃಖಿತನದು ನಿಟ್ಟುಸಿರು, ವಿರಹಿಯದು ಬಿಸುಸುಯ್, ಸಾವಿನ ಅಂಚಿನಲ್ಲಿರುವವನದು ಮೇಲುಸಿರು, ಕಫ ಕಟ್ಟಿದವನದು ಗೊರಗೊರ, ವರ್ಷವರ್ಷವೂ ಮರುಕಳಿಸುವುದು ಗೂರಲು, ಉಬ್ಬಸ, ಪಾರಸಿಯಿಂದ ಬಂದು ಮನೆಮಾತಾದುದು ದಮ್ಮು. ಕೆಮ್ಮಿನಲ್ಲಿಯೂ ಒಣಕೆಮ್ಮು ಬೇರೆ, ಕಫದ ಕೆಮ್ಮು ಬೇರೆ, ಮಕ್ಕಳ ನಾಯಿಕೆಮ್ಮು ಬೇರೆ. ಕಾವ್ಯವು ಇವುಗಳಲ್ಲಿ ರಸಕ್ಕೆ ಉಪಯುಕ್ತವಾದ ನಿಟ್ಟುಸಿರು ಬಿಸುಸುಯ್‌ಗಳನ್ನು ಆರಿಸಿಕೊಂಡಿತು. ಉಳಿದವು ಮನೆಯಲ್ಲಿಯೇ ಉಳಿದವು. ಶಾಸ್ತ್ರದ ಭೇದಗಳೊಡನೆ ಇವುಗಳನ್ನು ಹೋಲಿಸಿದರೆ ಏದುಸಿರು ಕ್ಷುದ್ರಶ್ವಾಸಕ್ಕೂ, ಗೂರಲು ತಮಕಕ್ಕೂ, ಮೇಲುಸಿರು ಊರ್ಧ್ವಶ್ವಾಸಕ್ಕೂ ಸಮೀಪವಾಗಿ ನಿಲ್ಲುತ್ತವೆ. ಶಾಸ್ತ್ರವನ್ನು ಓದದವರೂ ಶ್ರಮದ ಉಸಿರನ್ನೂ ರೋಗದ ಉಸಿರನ್ನೂ ಮರಣದ ಉಸಿರನ್ನೂ ಬೇರೆಬೇರೆಯಾಗಿ ಗುರುತಿಸುತ್ತಿದ್ದರೆಂಬುದಕ್ಕೆ ಈ ಮಾತುಗಳೇ ಪ್ರಮಾಣ.

ಇನ್ನೊಂದು ಅಂಶವು ಭಾಷಾಶಾಸ್ತ್ರಜ್ಞರ ಗಮನಕ್ಕೆ ಅರ್ಹವಾಗಿದೆ. ಹಳಗನ್ನಡದಲ್ಲಿ ಉಸಿರ್ ಎಂಬ ಮಾತಿಗೆ ಶ್ವಾಸವೆಂಬ ಅರ್ಥವಿರುವಂತೆಯೇ ಹೇಳು, ನುಡಿ ಎಂಬ ಅರ್ಥವೂ ಇದೆ. ಹದಿಮೂರನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ನಾಭಿಮೂಲದಿಂದೇಳುವ ಗಾಳಿಯಿಂದ ಶಬ್ದದ ಉತ್ಪತ್ತಿಯನ್ನು ಹೇಳಿ ವ್ಯಾಕರಣಕ್ಕೆ ತೊಡಗುತ್ತಾನೆ. ಉಸಿರಿಗೂ ನುಡಿಗೂ ಇರುವ ಈ ನಂಟು ರೋಗಿಯ ಪಕ್ಕದಲ್ಲಿ ಕುಳಿತವರಿಗೆ ವ್ಯಾಕರಣದ ವಿಷಯವಲ್ಲ, ಪರೀಕ್ಷೆಯ ವಿಷಯ. ಮಹಾಶ್ವಾಸದಲ್ಲಿ ಮಾತು ಒಡೆಯುವುದೆಂದು ಚರಕನು ಹೇಳಿದನು. ಉಬ್ಬಸವು ತೀವ್ರವಾದವನು ಒಂದು ವಾಕ್ಯವನ್ನು ಒಂದೇ ಉಸಿರಿನಲ್ಲಿ ಮುಗಿಸಲಾರನೆಂಬುದು ಇಂದಿನ ಆಸ್ಪತ್ರೆಗಳಲ್ಲಿಯೂ ಅಪಾಯಸೂಚನೆಯಾಗಿ ಗಣಿತವಾಗುತ್ತದೆ. ‘ಮಾತಾಡಲಿಕ್ಕೂ ಆಗ್ತಿಲ್ಲ’ ಎಂದು ಮನೆಯವರು ಹೇಳಿದಾಗ ಅದು ದೂರಲ್ಲ, ಅಳತೆ.

೬

ಯೂರೋಪಿನಲ್ಲಿ ಹದಿನೆಂಟು ಹತ್ತೊಂಬತ್ತನೆಯ ಶತಮಾನಗಳಲ್ಲಿ ಶ್ವಾಸಪರೀಕ್ಷೆಯ ರೀತಿಯೇ ಬದಲಾಯಿತು. ೧೭೬೧ರಲ್ಲಿ ವಿಯನ್ನಾದ ಔಯೆನ್‌ಬ್ರುಗ್ಗರ್ ಎದೆಯನ್ನು ಬೆರಳಿನಿಂದ ತಟ್ಟಿ ಅದರ ನಾದದಿಂದ ಒಳಗಿನ ಸ್ಥಿತಿಯನ್ನು ಊಹಿಸುವ ಕ್ರಮವನ್ನು ಪ್ರಕಟಿಸಿದನು. ೧೮೧೬ರಲ್ಲಿ ಪ್ಯಾರಿಸಿನ ಲೆನೆಕ್ ಕಾಗದವನ್ನು ಸುರುಳಿಸುತ್ತಿ ರೋಗಿಯ ಎದೆಗೆ ಇಟ್ಟು ಆಲಿಸಿದನು. ಮೂರು ವರ್ಷಗಳ ಮೇಲೆ ಅವನ ಗ್ರಂಥವು ಹೊರಬಂದಿತು. ಹೀಗೆ ಹುಟ್ಟಿದ ಸ್ಟೆತೊಸ್ಕೋಪಿನಿಂದ ವೈದ್ಯನ ಜ್ಞಾನವು ಎದೆಯ ಒಳಹೊಕ್ಕಿತು. ಅದರೊಂದಿಗೇ ಹೊರಗಿನಿಂದ ನೋಡುವವರ ಜ್ಞಾನವು ಕೀಳೆಂಬ ಭಾವನೆಯೂ ಬಲವಾಯಿತು.

ಆ ಭಾವನೆಯನ್ನು ತಡೆದವರಲ್ಲಿ ಫ್ಲಾರೆನ್ಸ್ ನೈಟಿಂಗೇಲ್ ಅಗ್ರಗಣ್ಯಳು. ೧೮೫೯ರ ತನ್ನ ಶುಶ್ರೂಷಾಗ್ರಂಥದಲ್ಲಿ ಆಕೆ ಮೊದಲನೆಯ ನಿಯಮವಾಗಿ ಹೇಳಿದುದು ಔಷಧವನ್ನಲ್ಲ, ಗಾಳಿಯನ್ನು: ರೋಗಿಗೆ ಚಳಿಯಾಗದಂತೆ, ಅವನು ಉಸಿರಾಡುವ ಗಾಳಿಯನ್ನು ಹೊರಗಿನ ಗಾಳಿಯಷ್ಟೇ ಶುದ್ಧವಾಗಿ ಇಡಬೇಕು. ಗಾಳಿಯ ಹೊಡೆತವಿಲ್ಲದೆ ಗಾಳಿಯಾಡುವ ಮನೆಯೆಂದು ಚರಕನು ಹೇಳಿದುದಕ್ಕೂ ಇದಕ್ಕೂ ಇರುವ ಸಾಮ್ಯವು ಆಶ್ಚರ್ಯಕರವಾಗಿದೆ. ಇದರಿಂದ ಒಬ್ಬರು ಇನ್ನೊಬ್ಬರಿಂದ ಪಡೆದರೆಂದು ಹೇಳಬೇಕಾಗಿಲ್ಲ. ರೋಗಿಯ ಕೋಣೆಯಲ್ಲಿ ಬಹುಕಾಲ ಕಳೆದವರು ಒಂದೇ ತೊಡಕನ್ನು ಕಂಡರೆಂದು ಹೇಳಿದರೆ ಸಾಕು.

೧೮೮೨ರಲ್ಲಿ ಕಾಖ್ ಎಂಬ ಜರ್ಮನ್ ಪಂಡಿತನು ಕ್ಷಯದ ಕ್ರಿಮಿಯನ್ನು ತೋರಿಸಿಕೊಟ್ಟನು. ಕ್ರಿಮಿಯು ತಿಳಿದರೂ ಅದನ್ನು ಕೊಲ್ಲುವ ಮದ್ದು ತಿಳಿಯದ ಆರು ದಶಕಗಳಲ್ಲಿ ಬೆಟ್ಟದ ಗಾಳಿ, ವಿಶ್ರಾಂತಿ, ಪುಷ್ಟಿಯ ಆಹಾರ ಇವೇ ಚಿಕಿತ್ಸೆಯೆನಿಸಿ, ಸ್ಯಾನಟೋರಿಯಮ್ಮುಗಳು ಎಲ್ಲೆಡೆಯೂ ಎದ್ದವು. ಬೆಟ್ಟದ ಗಾಳಿಯ ಮೇಲಣ ನಂಬಿಕೆಯ ಗುರುತು ಸಂಸೆಯ ನೆರೆಯಲ್ಲಿಯೂ ಇದೆ. ಮದರಾಸು ಆಧಿಪತ್ಯಕ್ಕೆ ಸೇರಿದ್ದ ದಕ್ಷಿಣ ಕನ್ನಡದ ಅಧಿಕಾರಿಗಳು ಕರಾವಳಿಯ ಬೇಸಗೆಯಿಂದ ತಪ್ಪಿಸಿಕೊಂಡು ಕುದುರೆಮುಖದ ಮೇಲೆ ತಂಗುತ್ತಿದ್ದರು. ಆ ಕಾಲದ ಕಟ್ಟಡಗಳ ಪಾಳುಗೋಡೆಗಳು ಶಿಖರದ ಬಳಿ ಉಳಿದಿವೆ. ಬೆಟ್ಟದ ನೆತ್ತಿಯು ಆರೋಗ್ಯಧಾಮವೆನಿಸಿದ ಕಾಲದಲ್ಲಿಯೇ ಬೆಟ್ಟದ ಬುಡವು ಚಳಿಜ್ವರದ ಸೀಮೆಯೆಂದು ಕುಖ್ಯಾತವಾಗಿತ್ತು. ಬೇಸಗೆಯಲ್ಲಿ ಬಂದು ಮಳೆಗೆ ಮುಂಚೆ ಇಳಿದುಹೋಗುವವನಿಗೆ ಔಷಧವಾದ ಗಾಳಿಯು, ವರ್ಷವಿಡೀ ಅಲ್ಲಿಯೇ ದುಡಿಯುವವನಿಗೆ ಔಷಧವಾಗಲಿಲ್ಲ.

ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಸೋದರಿಯವರಾದ ಕೃಷ್ಣಾಜಮ್ಮಣ್ಣಿಯವರೂ ಅವರ ಹೆಣ್ಣುಮಕ್ಕಳೂ ಕ್ಷಯಕ್ಕೆ ತುತ್ತಾದರು. ಅವರ ಸ್ಮರಣಾರ್ಥವಾಗಿ ೧೯೨೦ರ ದಶಕದ ಆರಂಭದಲ್ಲಿ ಅಲ್ಲಿನ ಕ್ಷಯರೋಗಿಗಳ ಆಸ್ಪತ್ರೆಯು ಪ್ರಾರಂಭವಾಯಿತು. ಅರಮನೆಯ ಅಂತಃಪುರವನ್ನೂ ಬಿಡದ ರೋಗವು ಹೀಗೆ ಪ್ರಜೆಗಳ ಆಸ್ಪತ್ರೆಗೆ ಕಾರಣವಾಯಿತು. ಸ್ಯಾನಟೋರಿಯಮ್ಮಿನ ದಿನಚರಿಯಲ್ಲಿ ವೈದ್ಯನದಕ್ಕಿಂತ ಶುಶ್ರೂಷಕಿಯದೇ ಮೇಲುಗೈ: ಹೊತ್ತುಹೊತ್ತಿಗೆ ಮೈಬಿಸಿಯನ್ನು ಅಳೆದು ಬರೆಯುವುದು, ನಾಡಿಯನ್ನೂ ಉಸಿರನ್ನೂ ಎಣಿಸುವುದು, ತೂಕ ನೋಡುವುದು, ಕಫದ ಪ್ರಮಾಣವನ್ನೂ ಬಣ್ಣವನ್ನೂ ಗುರುತಿಸಿ ಅದನ್ನು ಕ್ರಮವಾಗಿ ವಿಲೆ ಮಾಡುವುದು. ಉಪಸ್ಥಾತೃವಿಗೆ ಕೊನೆಗೂ ಒಂದು ಓಲೆ ದೊರೆಯಿತು. ಮಂಚದ ತಲೆಯ ಬಳಿ ತೂಗುವ ಪಟ್ಟಿಯೇ ಆ ಓಲೆ.

೭

೧೯೪೦ರ ದಶಕದಲ್ಲಿ ಸ್ಟ್ರೆಪ್ಟೊಮೈಸಿನ್, ೧೯೫೨ರಲ್ಲಿ ಐಸೊನಿಯಜಿಡ್ ಬಳಕೆಗೆ ಬಂದುವು. ೧೯೫೬ರಲ್ಲಿ ಮದರಾಸಿನಲ್ಲಿ ಸ್ಥಾಪಿತವಾದ ಕ್ಷಯಚಿಕಿತ್ಸಾ ಸಂಶೋಧನ ಕೇಂದ್ರವು ಬಡ ರೋಗಿಗಳನ್ನು ಎರಡು ಪಾಲುಮಾಡಿ, ಒಂದು ಪಾಲಿಗೆ ಸ್ಯಾನಟೋರಿಯಮ್ಮಿನಲ್ಲಿ, ಇನ್ನೊಂದಕ್ಕೆ ಮನೆಯಲ್ಲಿಯೇ ಒಂದೇ ಮದ್ದನ್ನು ಒಂದು ವರ್ಷ ಕೊಟ್ಟು ನೋಡಿತು. ೧೯೫೯ರಲ್ಲಿ ಪ್ರಕಟವಾದ ಫಲಿತಾಂಶವು ಲೋಕವನ್ನು ಚಕಿತಗೊಳಿಸಿತು: ಮನೆಯ ಚಿಕಿತ್ಸೆಯು ಸ್ಯಾನಟೋರಿಯಮ್ಮಿನದಕ್ಕೆ ಬಹುಮಟ್ಟಿಗೆ ಸಮನಾಗಿತ್ತು, ಮನೆಯವರಿಗೆ ಸೋಂಕಿನ ಅಪಾಯವೂ ಹೆಚ್ಚಾಗಲಿಲ್ಲ. ಮಂಚವು ಆಸ್ಪತ್ರೆಯಿಂದ ಮತ್ತೆ ಮನೆಗೆ ಬಂದಿತು. ಅದರೊಂದಿಗೆ ಹೊಣೆಯೂ ಮನೆಗೇ ಬಂದಿತು.

ಆ ಕಾಲದಲ್ಲಿಯೇ ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಒಂದು ವಿಚಾರಣೆಯನ್ನು ನಡೆಸಿತು. ಬ್ಯಾನರ್ಜಿ ಮತ್ತು ಆಂಡರ್‌ಸನ್ ಎಂಬ ವಿದ್ವಾಂಸರು ೧೯೬೩ರಲ್ಲಿ ಅದನ್ನು ಪ್ರಕಟಿಸಿದರು. ಹಳ್ಳಿಯವರಿಗೆ ತಮ್ಮ ರೋಗದ ಅರಿವಿಲ್ಲವೆಂಬುದು ಅದುವರೆಗಿನ ಸಾಮಾನ್ಯವಾದ ಎಣಿಕೆ. ವಿಚಾರಣೆಯಿಂದ ಕಂಡುಬಂದುದು ಬೇರೆ: ಕ್ಷಯವಿದ್ದವರಲ್ಲಿ ಬಹುಪಾಲು ಜನಕ್ಕೆ ತಮ್ಮ ಕೆಮ್ಮು ಜ್ವರಗಳ ಅರಿವೂ ಚಿಂತೆಯೂ ಇದ್ದುವು; ಅರ್ಧಕ್ಕಿಂತ ಹೆಚ್ಚು ಮಂದಿ ಆಗಲೇ ಆಸ್ಪತ್ರೆಯ ಬಾಗಿಲಿಗೆ ಹೋಗಿಬಂದಿದ್ದರು. ಹೇಳುವವರಿದ್ದರು, ಕೇಳುವವರು ಸಾಲದಾಗಿದ್ದರು. ಸುಶ್ರುತನ ಆರನೆಯ ಉಪಾಯವಾದ ಪ್ರಶ್ನೆ, ಅಂದರೆ ಕೆಮ್ಮು ಎಷ್ಟು ವಾರದಿಂದ ಇದೆಯೆಂದು ವಿಚಾರಿಸುವುದು, ಮುಂದೆ ೧೯೬೨ರ ರಾಷ್ಟ್ರೀಯ ಕಾರ್ಯಕ್ರಮದ ಆಧಾರಗಳಲ್ಲಿ ಒಂದಾಯಿತು.

೮

ಕಾಫಿಯ ಸೀಮೆಗೆ ಮರಳಿದರೆ, ಅಲ್ಲಿನ ಶ್ವಾಸರೋಗಕ್ಕೆ ಮಳೆ ಚಳಿಗಳೊಂದೇ ಕಾರಣವಲ್ಲ. ತೋಟದ ಲೈನುಮನೆಗಳಲ್ಲಿ ಸೌದೆಯೊಲೆಯ ಹೊಗೆ, ಕಾಫಿಯನ್ನು ಸುಲಿದು ಹಸನುಮಾಡುವ ಕಡೆ ಸಿಪ್ಪೆಯ ಧೂಳು, ಒದ್ದೆಯ ಬೂಷ್ಟು ಇವೂ ಸೇರುತ್ತವೆ. ಹಸಿರು ಕಾಫಿಬೀಜದ ಧೂಳು ಕೆಲವರಲ್ಲಿ ಉಬ್ಬಸವನ್ನು ಉಂಟುಮಾಡುವುದೆಂದು ವೈದ್ಯರು ನಿರ್ಧರಿಸಿದ್ದಾರೆ. ೧೯೫೧ರ ತೋಟಕಾರ್ಮಿಕರ ಕಾನೂನು ತೋಟದ ಒಡೆಯರ ಮೇಲೆ ವೈದ್ಯಸೌಕರ್ಯದ ಹೊಣೆಯನ್ನು ಹೊರಿಸಿತು. ಆದರೂ ಘಟ್ಟದ ದಾರಿಯಲ್ಲಿ ಮಳೆಗಾಲದ ರಾತ್ರಿ ರೋಗಿಯನ್ನು ಹೊರಡಿಸಬೇಕೆ ಬೇಡವೆ ಎಂದು ಮೊದಲು ತೀರ್ಮಾನಿಸಬೇಕಾದವರು ಮನೆಯವರೇ. ಈ ತೀರ್ಮಾನವು ತಪ್ಪಿದರೆ ಮುಂದಣ ಯಾವ ಔಷಧವೂ ಅದನ್ನು ಸರಿಪಡಿಸಲಾರದು.

ಈ ತೀರ್ಮಾನಕ್ಕೆ ನೆರವಾಗುವ ಅಳತೆಯು ಅತ್ಯಂತ ಸರಳವಾದುದು. ವಿಶ್ರಾಂತಿಯಲ್ಲಿರುವ ವಯಸ್ಕನು ನಿಮಿಷಕ್ಕೆ ೧೨ರಿಂದ ೨೦ ಸಲ ಉಸಿರಾಡುತ್ತಾನೆ. ಕೆಮ್ಮಿರುವ ಮಗುವಿನಲ್ಲಿ, ಎರಡು ತಿಂಗಳು ತುಂಬದಿದ್ದರೆ ೬೦, ಒಂದು ವರ್ಷದೊಳಗಾದರೆ ೫೦, ಐದು ವರ್ಷದೊಳಗಾದರೆ ೪೦ ಸಲ ಅಥವಾ ಅದಕ್ಕೆ ಮೀರಿ ಉಸಿರಾಟವಿದ್ದರೆ ನ್ಯುಮೋನಿಯಾ ಶಂಕೆಯೆಂದು ವಿಶ್ವ ಆರೋಗ್ಯ ಸಂಸ್ಥೆಯು ಗೊತ್ತುಮಾಡಿದೆ. ಉಸಿರೆಳೆದಾಗ ಎದೆಯ ಕೆಳಭಾಗವು ಒಳಕ್ಕೆ ಸೇದಿಕೊಂಡರೆ ಅಪಾಯವು ಇನ್ನೂ ಹೆಚ್ಚು. ಹಳ್ಳಿಯ ಆರೋಗ್ಯ ಕಾರ್ಯಕರ್ತೆಯು ಮಗುವಿನ ಅಂಗಿಯನ್ನು ಮೇಲೆತ್ತಿ ಒಂದು ನಿಮಿಷ ಪೂರ್ತಿಯಾಗಿ ಎಣಿಸುವಾಗ ಅವಳ ಕೈಯಲ್ಲಿ ಸ್ಟೆತೊಸ್ಕೋಪಿಲ್ಲ, ಗಡಿಯಾರವಿದೆ, ಕಣ್ಣಿದೆ. ೨೦೨೦ರ ಮಹಾಮಾರಿಯಲ್ಲಿ ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರು ಮನೆಮನೆಗೂ ಪರಿಚಯವಾಯಿತು. ಆದರೂ ಅದನ್ನು ಯಾವಾಗ ಇಡಬೇಕೆಂದು ಹೇಳುವುದು ಬಳಿಯಲ್ಲಿರುವವರ ಗಮನವೇ.

ಈವರೆಗಿನ ವಿಚಾರದಿಂದ ಫಲಿಸುವ ಅಂಶಗಳು ಎರಡು. ಶ್ವಾಸರೋಗಿಯ ಪರೀಕ್ಷೆಯು ಈ ನಾಡಿನಲ್ಲಿ ವೈದ್ಯನೊಬ್ಬನ ವಿದ್ಯೆಯಾಗಿ ಎಂದೂ ಇರಲಿಲ್ಲ. ಅದರ ಅರ್ಧವು ಸಂಹಿತೆಯು ಹೆಸರಿಸಿ, ಮುಂದಿನ ಗ್ರಂಥಕಾರರು ಬಿಟ್ಟುಬಿಟ್ಟ ಉಪಸ್ಥಾತೃವಿನದು. ಎರಡನೆಯದಾಗಿ, ಆ ವಿದ್ಯೆಯ ಉಳಿದಿರುವ ದಾಖಲೆಯೆಂದರೆ ಆಡುನುಡಿ. ಗೂರಲು, ಮೇಲುಸಿರು, ಏದುಸಿರುಗಳನ್ನೆಲ್ಲ ಒಂದೇ ಶ್ವಾಸರೋಗವೆಂದು ನಿಘಂಟು ಬರೆದುಕೊಂಡರೆ, ಮನೆಯವರು ಕಂಡ ಭೇದವು ಆಸ್ಪತ್ರೆಯ ಕಾಗದವನ್ನು ಸೇರುವ ಮೊದಲೇ ಅಳಿಸಿಹೋಗುತ್ತದೆ. ಕಳಸ ಸಂಸೆಗಳ ಸೀಮೆಯಲ್ಲಿ ಸೌದೆಯೊಲೆಯ ಮನೆಗಳೂ ಅವುಗಳಲ್ಲಿ ರೋಗಿಯ ಬಳಿ ಎಚ್ಚತ್ತಿದ್ದ ಹಿರಿಯರೂ ವರ್ಷದಿಂದ ವರ್ಷಕ್ಕೆ ಕಡಮೆಯಾಗುತ್ತಿದ್ದಾರೆ. ಉಸಿರಿಗೆ ಸಂಬಂಧಿಸಿದ ಅವರ ಮಾತುಗಳನ್ನು, ಪ್ರತಿಯೊಂದು ಮಾತು ಯಾವ ಲಕ್ಷಣಕ್ಕೆ ಸಲ್ಲುತ್ತದೆಂಬುದರೊಡನೆ, ಸಂಗ್ರಹಿಸುವ ಕಾರ್ಯವು ಭಾಷಾವಿದ್ವಾಂಸರಿಗೂ ವೈದ್ಯರಿಗೂ ಸಮಾನವಾಗಿ ಸೇರಿದುದು. ಅದಕ್ಕೆ ಉಳಿದಿರುವ ಕಾಲವು ಹೆಚ್ಚಿಲ್ಲ.